ಬೀದಿಯವರ ಫಿಯೆಟ್ಟು

ಮಂಡ್ಯ ಸೀಮೆಯಲ್ಲಿ ಒಂದು ಮನೆಯ ಮೊದಲ ಕಾರು ಅಂದರೆ ಬಹುಪಾಲು ಇನ್ಯಾರದೋ ಹಳೆಯ ಕಾರು. ಮೈಸೂರಿನ ಡಾಕ್ಟರೋ ಬೆಂಗಳೂರಿನ ವಕೀಲರೋ ಹತ್ತು ವರ್ಷ ಓಡಿಸಿ, ಬಣ್ಣ ಹೊಡೆಸಿ ಮಾರಿದ್ದು ನಮ್ಮ ನಾಲೆ ಬಯಲಿಗೆ ಬಂದು ಹೊಸದಾಗುತ್ತಿತ್ತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನಲ್ಲಿ ಐವತ್ತು ದಾಟಿದ ಯಾರನ್ನಾದರೂ ‘ನಿಮ್ಮ ಮನೇಗೆ ಮೊದಲು ಬಂದ ಕಾರು ಯಾವುದು’ ಅಂತ ಕೇಳಿ ನೋಡಿ. ಕಾರಿನ ಹೆಸರಿಗಿಂತ ಮುಂಚೆ ಅದು ಯಾರ ಹತ್ತಿರ ಇತ್ತು ಅನ್ನುವುದು ಬಾಯಿಗೆ ಬರುತ್ತದೆ. ‘ಡಾಕ್ಟ್ರು ಇಟ್ಕೊಂಡಿದ್ದ ಗಾಡಿ’ ಅಂದರೆ ಅದೊಂದು ಪ್ರಮಾಣಪತ್ರ. ಡಾಕ್ಟರು ಜೋರಾಗಿ ಓಡಿಸುವುದಿಲ್ಲ, ಎಣ್ಣೆ ಕಾಲಕಾಲಕ್ಕೆ ಬದಲಿಸುತ್ತಾರೆ ಎಂಬ ನಂಬಿಕೆ. ಡಾಕ್ಟರುಗಳು ಮಾರಿದ ಕಾರುಗಳ ಲೆಕ್ಕ ಹಾಕಿದರೆ ಮೈಸೂರಿನಲ್ಲಿದ್ದ ಡಾಕ್ಟರುಗಳ ಸಂಖ್ಯೆಯನ್ನೇ ಮೀರಬಹುದು, ಆ ಮಾತು ಬೇರೆ.

ನಮ್ಮ ಮನೆಗೆ ಬಂದದ್ದು ಪ್ರೀಮಿಯರ್ ಪದ್ಮಿನಿ. ಅದನ್ನು ಪದ್ಮಿನಿ ಅಂತ ಕರೆದವರು ಆರ್‌ಸಿ ಪುಸ್ತಕ ಬರೆದ ಗುಮಾಸ್ತರೊಬ್ಬರೇ. ಉಳಿದವರಿಗೆಲ್ಲ ಫಿಯೆಟ್ಟು. ಅಪ್ಪ ಪಾಂಡವಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಜೊತೆಗೆ ನಾಲೆ ಕೆಳಗೆ ಒಂದಷ್ಟು ಕಬ್ಬಿನ ಗದ್ದೆ, ದೊಡ್ಡಪ್ಪನ ಉಸ್ತುವಾರಿಯಲ್ಲಿ ಒಂದು ಆಲೆಮನೆ. ಕಬ್ಬಿನ ದುಡ್ಡು ಹೋಗುವ ದಾರಿಗೆ ಈ ಸೀಮೆಯಲ್ಲಿ ಒಂದು ಕ್ರಮವಿತ್ತು. ಮೊದಲು ಹಳೇ ಸಾಲ, ಆಮೇಲೆ ಹೆಣ್ಣುಮಗಳ ಮದುವೆ, ಆಮೇಲೆ ತಾರಸಿ ಮನೆ, ಅದೂ ಮುಗಿದು ಉಳಿದರೆ ಟ್ರ್ಯಾಕ್ಟರು. ಕಾರು ಆ ಸಾಲಿನಲ್ಲಿ ಇರಲೇ ಇಲ್ಲ. ಎಂಬತ್ತರ ದಶಕದ ನಡುವೆ ಬೆಲ್ಲಕ್ಕೆ ಒಳ್ಳೆ ಧಾರಣೆ ಸಿಕ್ಕಿದ ಒಂದು ವರ್ಷ ಅಪ್ಪ ಆ ಸಾಲನ್ನು ಮುರಿದು ಮೈಸೂರಿಗೆ ಹೋದರು. ಸಂಜೆ ಕೆನೆ ಬಣ್ಣದ ಒಂದು ಗಾಡಿ ಊರಬಾಗಿಲಲ್ಲಿ ಬಂದು ನಿಂತಿತು. ಸ್ಟೇರಿಂಗಿನ ಮುಂದೆ ಅಪ್ಪ ಇರಲಿಲ್ಲ, ಮೈಸೂರಿನ ಡ್ರೈವರೊಬ್ಬರಿದ್ದರು. ಅಪ್ಪನಿಗೆ ಓಡಿಸಲು ಬರುತ್ತಿರಲಿಲ್ಲ.

ಅಜ್ಜಿ ಒಳಗೆ ಇಣುಕಿ ನೋಡಿದಳು. ಗೇರು ನೆಲದಲ್ಲಿರಲಿಲ್ಲ, ಸ್ಟೇರಿಂಗಿನ ಕೆಳಗಿತ್ತು. ‘ಇದ್ಯಾಕ್ಲಾ ಗೇರ್‌ನ ಕುತ್ಗೆಗೆ ಕಟ್ಟವ್ರೆ?’ ಅಂದಳು. ಅವಳಿಗೆ ಬಸ್ಸಿನ ಗೇರು ಗೊತ್ತಿತ್ತು. ಡ್ರೈವರು ವಿವರಿಸಿದರು: ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕಿದೆ, ಗೇರು ಮೇಲಿದ್ದರೆ ನಡುವೆ ಒಬ್ಬರು ಕಾಲು ಚಾಚಿ ಕೂರಬಹುದು. ಆ ‘ಒಬ್ಬರು’ ಅನ್ನುವ ಮಾತನ್ನು ಬೀದಿಯವರೆಲ್ಲ ಕೇಳಿಸಿಕೊಂಡರು ಅಂತ ಈಗ ಅನಿಸುತ್ತದೆ. ಮುಂದೆ ಆ ಜಾಗದಲ್ಲಿ ಕೂತವರು ಯಾರ್‍ಯಾರು ಅನ್ನುವುದೇ ಆ ಕಾರಿನ ಚರಿತ್ರೆ.

ಅದಕ್ಕೂ ಮುಂಚಿನ ಚರಿತ್ರೆಯೊಂದಿದೆ. ನಮ್ಮ ಬಯಲಿಗೆ ನೀರು ತಂದ ವಿಶ್ವೇಶ್ವರಯ್ಯನವರು ಕಾರನ್ನೂ ತರಲು ಹೊರಟಿದ್ದರು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಕಟ್ಟೆ, ನಾಲೆ ಎಲ್ಲ ಮುಗಿದು ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಎದ್ದ ಮೇಲೂ ಆ ಮುದುಕರು ಸುಮ್ಮನೆ ಕೂರಲಿಲ್ಲ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಯುರೋಪು ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಸುತ್ತಿ ಬಂದು, ಭಾರತದಲ್ಲೇ ಕಾರು ಮಾಡುವ ಯೋಜನೆ ಬರೆದರು. ಅದಕ್ಕೆ ಕೈಜೋಡಿಸಿದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ಹಾಕುವ ಮಾತೂ ನಡೆಯಿತು. ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ಅದೇ ವಾಲ್‌ಚಂದ್ 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು. ಹಾಗಾಗಿ ವಿಮಾನ ನಮ್ಮಲ್ಲಿ ಉಳಿಯಿತು, ಕಾರು ಮುಂಬೈಗೆ ಹೋಯಿತು. 1944ರಲ್ಲಿ ಅಲ್ಲಿ ಹುಟ್ಟಿದ್ದು ಪ್ರೀಮಿಯರ್ ಆಟೊಮೊಬೈಲ್ಸ್, ಕಾರ್ಖಾನೆ ಕುರ್ಲಾದಲ್ಲಿ. ಅವರು ಇಟಲಿಯ ಫಿಯೆಟ್ ಕಂಪನಿಯ ಮಾದರಿ ತಂದು, 1964ರಲ್ಲಿ 1100 ಡಿಲೈಟ್ ಮಾಡಿದರು. ಅದೇ ಕಾರು ಎಪ್ಪತ್ತರ ದಶಕದಲ್ಲಿ ಹೆಸರು ಬದಲಿಸಿಕೊಂಡು ಮೊದಲು ಪ್ರೆಸಿಡೆಂಟ್, ಆಮೇಲೆ ಚಿತ್ತೋರಿನ ರಾಣಿಯ ಹೆಸರಲ್ಲಿ ಪದ್ಮಿನಿ ಆಯಿತು.

ಅಂದರೆ ವಿಶ್ವೇಶ್ವರಯ್ಯನವರ ಹೆಸರಿನ ನಾಲೆಯ ದುಡ್ಡಲ್ಲಿ ಕೊಂಡು ನಮ್ಮ ಹಟ್ಟಿ ಮುಂದೆ ನಿಲ್ಲಿಸಿದ ಗಾಡಿ, ಅವರು ಮೈಸೂರಿನಲ್ಲಿ ಹುಟ್ಟಿಸಬೇಕೆಂದಿದ್ದ ಕಾರಿನ ಕೂಸೇ. ಮುಂಬೈ ಸುತ್ತಿಕೊಂಡು, ಮೈಸೂರಿನ ಡಾಕ್ಟರ ಕೈದಾಟಿ, ಸೆಕೆಂಡ್ ಹ್ಯಾಂಡ್ ಆಗಿ ಬಂತು. ಅಪ್ಪ ಇದನ್ನು ಯಾವುದೋ ಪುಸ್ತಕದಲ್ಲಿ ಓದಿದ್ದರು. ಕ್ಲಾಸಿನಲ್ಲಿ ಹೇಳುತ್ತಿದ್ದರು, ಪೆಟ್ರೋಲ್ ಬಂಕಿನಲ್ಲೂ ಹೇಳುತ್ತಿದ್ದರು.

ಕನ್ನಡನಾಡು ತನ್ನದೇ ಕಾರು ಮಾಡಿದ್ದು ಆಮೇಲೆ. ಬೆಂಗಳೂರಿನ ಸಿಪಾನಿ ಕಂಪನಿ ಮೊದಲು ಮೂರು ಗಾಲಿಯ ಬಾದಲ್, ಎಂಬತ್ತರ ದಶಕದ ಆರಂಭದಲ್ಲಿ ಡಾಲ್ಫಿನ್ ಅನ್ನುವ ಎರಡು ಬಾಗಿಲ ಕಾರು ತಂದಿತು. ಮೈಯೆಲ್ಲ ಫೈಬರ್ ಗ್ಲಾಸು. ರ್‍ಯಾಲಿಗಳಲ್ಲಿ ಅದು ಹೆಸರು ಮಾಡಿತು ನಿಜ. ಆದರೆ ನಮ್ಮ ಕಡೆಯ ಜನ ಎರಡು ಬಾಗಿಲು ನೋಡಿ ‘ಹಿಂದ್ಗಡೆ ಕುಂತೋರು ಇಳಿಯಾದೆಂಗೆ?’ ಅಂತ ಕೇಳಿ ಅದರ ಪಾಲಿನ ತೀರ್ಪು ಕೊಟ್ಟುಬಿಟ್ಟರು. ಕೊನೆಗೆ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಹೋಗುವ ರಸ್ತೆಯ ಪಕ್ಕ, ಬಿಡದಿಯಲ್ಲಿ, ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ ಎದ್ದಿತು. ಕ್ವಾಲಿಸ್ ಹೊರಬಂದದ್ದು 2000ದಲ್ಲಿ. ವಿಶ್ವೇಶ್ವರಯ್ಯ ಯೋಜನೆ ಬರೆದು ಅರವತ್ತು ವರ್ಷ ದಾಟಿತ್ತು.

ಹಳೆ ಕಾರುಗಳ ಬಗ್ಗೆ ಬರೆಯುವವರೆಲ್ಲ ಈಗ ಅವುಗಳ ಗಟ್ಟಿತನ ಹೊಗಳುತ್ತಾರೆ. ತಗಡು ದಪ್ಪ, ಗುದ್ದಿದರೂ ನಜ್ಜುಗುಜ್ಜಾಗದು ಇತ್ಯಾದಿ. ನನಗೆ ಈ ಹೊಗಳಿಕೆ ಒಪ್ಪಿಗೆಯಿಲ್ಲ. ಅಂಬಾಸಿಡರ್ ಐವತ್ತರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿಯಲ್ಲಿ ಬಂದು 2014ರವರೆಗೆ ಹೆಚ್ಚುಕಡಿಮೆ ಅದೇ ಮುಖದಲ್ಲಿ ಓಡಿತು. ಫಿಯೆಟ್ಟೂ ಅಷ್ಟೆ. ಜನ ಅವನ್ನು ಮೆಚ್ಚಿ ಬೇರೆ ಬೇಡವೆಂದದ್ದಲ್ಲ, ಬೇರೆ ಇರಲೇ ಇಲ್ಲ. ಯಾರು ಎಷ್ಟು ಕಾರು ಮಾಡಬೇಕು ಅನ್ನುವುದನ್ನು ದೆಹಲಿಯಲ್ಲಿ ಲೈಸೆನ್ಸ್ ಕೊಟ್ಟು ನಿಗದಿ ಮಾಡುತ್ತಿದ್ದ ಕಾಲ. ಹೊಸ ಫಿಯೆಟ್ಟಿಗೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕಿತ್ತು. ಮನೆಗೆ ಕಾರು ಬರುವ ಹೊತ್ತಿಗೆ ಬುಕ್ ಮಾಡಿಸಿದವರ ಮಕ್ಕಳು ಕಾಲೇಜು ಮುಗಿಸಿರುತ್ತಿದ್ದರು. ಆದ್ದರಿಂದಲೇ ಹಳೇ ಗಾಡಿಗೆ ಆ ಬೆಲೆ, ಆ ಗೌರವ. ಕಾರಿನ ಮೇಲಿದ್ದ ಪ್ರೀತಿ ಅಂತ ನಾವು ನೆನೆಯುವುದರಲ್ಲಿ ಒಳ್ಳೆಯ ಪಾಲು ಕೊರತೆಯದ್ದು.

ಆ ಕ್ಯೂ ಒಡೆದದ್ದು 1983ರಲ್ಲಿ. ಹತ್ತು ಸಾವಿರ ರೂಪಾಯಿ ಮುಂಗಡ ಕಟ್ಟಿ ಲಕ್ಷಕ್ಕೂ ಹೆಚ್ಚು ಜನ ಮಾರುತಿಗೆ ಹೆಸರು ಬರೆಸಿದರು. ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ದೆಹಲಿಯ ಹರ್ಪಾಲ್ ಸಿಂಗ್ ಅವರ ಕೈಗೆ ಮೊದಲ ಕೀ ಕೊಟ್ಟರು. ಬೆಲೆ ಐವತ್ತು ಸಾವಿರದ ಒಳಗೆ. 796 ಸಿಸಿ, ಮೂರು ಸಿಲಿಂಡರಿನ ಪುಟ್ಟ ಗಾಡಿ. ಹರ್ಪಾಲ್ ಸಿಂಗ್ 2010ರಲ್ಲಿ ತೀರಿಕೊಳ್ಳುವವರೆಗೂ ಅದೇ ಕಾರು ಇಟ್ಟುಕೊಂಡಿದ್ದರು. ಮಾರುತಿ ಶ್ರೀರಂಗಪಟ್ಟಣದ ರಸ್ತೆಯಲ್ಲಿ ಮೊದಮೊದಲು ಕಾಣಿಸಿದಾಗ ನಮ್ಮೂರಿನವರು ನಕ್ಕಿದ್ದೇ ನಕ್ಕಿದ್ದು. ಎರಡು ಮೂಟೆ ಭತ್ತ ಹಾಕಿದರೆ ಮುಂಗಾಲು ಎತ್ತಿಬಿಡುತ್ತದೆ ಅಂತ. ಆದರೆ ಪಟ್ಟಣದ ಉಳ್ಳವರು ಮಾರುತಿಗೆ ಬದಲಿಸಿಕೊಂಡದ್ದರಿಂದಲೇ ಅವರ ಫಿಯೆಟ್ಟು, ಅಂಬಾಸಿಡರ್‌ಗಳು ಬೆಲೆ ಇಳಿದು ಹಳ್ಳಿ ಕಡೆ ಹರಿದುಬಂದವು. ನಮಗೆ ಕಾರು ಸಿಕ್ಕಿದ್ದಕ್ಕೆ ಬೆಲ್ಲದ ಧಾರಣೆ ಎಷ್ಟು ಕಾರಣವೋ ಮಾರುತಿಯೂ ಅಷ್ಟೇ ಕಾರಣ.

ಕಾರಿನ ಜೊತೆಗೆ ಮನೆಗೆ ಒಂದು ಹೊಸ ಭಾಷೆ ಬಂತು. ಚೋಕು, ಪಾಯಿಂಟು, ಪ್ಲಗ್ಗು, ಸ್ಟೆಪ್ನಿ. ‘ಸೆಲ್ಫ್ ತಗೊಳ್ತಾ ಇಲ್ಲ’ ಅನ್ನುವ ಮಾತು ಬೆಳಗಿನ ಹೊತ್ತು ‘ಕಾಫಿ ಆಯ್ತಾ’ ಅನ್ನುವಷ್ಟೇ ಸಹಜವಾಯಿತು. ಚಳಿಗಾಲದಲ್ಲಿ ಚೋಕು ಎಳೆದು, ಅದೂ ಆಗದಿದ್ದರೆ ತಳ್ಳುವುದು. ತಳ್ಳಲು ಜನಕ್ಕೆ ಬರವಿರಲಿಲ್ಲ. ಸ್ಕೂಲಿಗೆ ಹೊರಟ ಹುಡುಗರು ಬ್ಯಾಗು ಡಿಕ್ಕಿಯ ಮೇಲಿಟ್ಟು ತಳ್ಳುತ್ತಿದ್ದರು. ಗಾಡಿ ಸ್ಟಾರ್ಟಾಗಿ ಬ್ಯಾಗು ಸಮೇತ ಹೊರಟುಹೋದದ್ದೂ ಉಂಟು. ಪಾಂಡವಪುರದ ಮೆಕ್ಯಾನಿಕ್ಕಿಗೆ ಎಲ್ಲರೂ ‘ಸಾಬ್ರು’ ಅನ್ನುತ್ತಿದ್ದರು. ಅವರು ಬಾನೆಟ್ ಎತ್ತುವ ಮೊದಲು ಒಂದು ಬೀಡಿ ಮುಗಿಸುತ್ತಿದ್ದರು. ಎಂಜಿನ್ ಆರಲಿ ಅಂತಲೋ, ಮೇಷ್ಟ್ರು ಗಾಬರಿ ಬಿಡಲಿ ಅಂತಲೋ ಗೊತ್ತಿಲ್ಲ. ಪಾಯಿಂಟನ್ನು ಉಪ್ಪುಕಾಗದದಲ್ಲಿ ಉಜ್ಜಿ, ಊದಿ, ಕಿವಿ ಕೊಟ್ಟು ಕೇಳಿ, ‘ಈಗ ಮಾತಾಡ್ತದೆ ನೋಡಿ’ ಅನ್ನುತ್ತಿದ್ದರು. ಅದು ಅಂಥ ದೊಡ್ಡ ಯಂತ್ರವೂ ಅಲ್ಲ, 1089 ಸಿಸಿ. ಕಂಪ್ಯೂಟರು ಹಾಕಿ ರೋಗ ಕಂಡುಹಿಡಿಯುವ ಈಗಿನ ಶೋರೂಮುಗಳಲ್ಲಿ ಬಿಲ್ಲು ಮಾತ್ರ ಬೇಗ ಕೈಗೆ ಬರುತ್ತದೆ.

ಮೇಲುಕೋಟೆಗೆ ಹೋಗುವುದೊಂದು ಪರೀಕ್ಷೆ. ಪಾಂಡವಪುರದಿಂದ ನಾಗಮಂಗಲದ ರಸ್ತೆ ಹಿಡಿದು, ಜಕ್ಕನಹಳ್ಳಿಯಲ್ಲಿ ತಿರುಗಿದರೆ ಮುಂದೆ ಏರು. ವೈರಮುಡಿ ಉತ್ಸವದ ದಿನಗಳಲ್ಲಿ, ಅಂದರೆ ಮಾರ್ಚ್ ಏಪ್ರಿಲ್ ಬಿಸಿಲಲ್ಲಿ, ಒಳಗೆ ಐದು ಜನರ ಬದಲು ಹತ್ತು ಜನ ತುಂಬಿ, ಡಿಕ್ಕಿಯಲ್ಲಿ ಪುಳಿಯೋಗರೆ ಬುತ್ತಿ, ಬಿಂದಿಗೆ ನೀರು ಹೇರಿಕೊಂಡು ಹೊರಟರೆ ಅರ್ಧ ಬೆಟ್ಟದಲ್ಲಿ ರೇಡಿಯೇಟರ್ ಕುದಿಯುತ್ತಿತ್ತು. ತಪ್ಪು ಗಾಡಿಯದಲ್ಲ, ಹೇರಿದವರದು. ಇನ್ನೊಂದು ತೊಂದರೆಯೂ ಇತ್ತು: ಬಿಸಿಲಿಗೆ ಪೈಪಿನೊಳಗೇ ಪೆಟ್ರೋಲು ಆವಿಯಾಗಿ ಎಂಜಿನ್ನಿಗೆ ತಲುಪದೆ ಗಾಡಿ ನಿಂತುಬಿಡುವುದು. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಯುವುದೇ ಅದಕ್ಕೆ ಮದ್ದು. ಅವ್ವ ಅದಕ್ಕೆಂದೇ ಒಂದು ಹಳೆ ಟವೆಲು ಇಟ್ಟಿರುತ್ತಿದ್ದಳು. ಹೆಂಗಸರು ಮರದಡಿ ಕೂತು ಬುತ್ತಿ ಬಿಚ್ಚುತ್ತಿದ್ದರು. ಬೆಟ್ಟದ ಮೇಲೆ ಚೆಲುವನಾರಾಯಣನ ಮುಂದೆ ತಿನ್ನಬೇಕಾದ ಪುಳಿಯೋಗರೆಯನ್ನು ನಾವು ಬೆಟ್ಟದ ನಡುವೆಯೇ ಮುಗಿಸಿ ದೇವರ ಹತ್ತಿರ ಬರಿಗೈಲಿ ಹೋಗುತ್ತಿದ್ದೆವು.

ಅಪ್ಪನಿಗೆ ಡ್ರೈವಿಂಗ್ ಕಲಿಸಿದ್ದು ನನ್ನ ಸೋದರತ್ತೆಯ ಮಗ. ಅತ್ತೆಯನ್ನು ಕೊಟ್ಟದ್ದು ಕೆ.ಆರ್.ಪೇಟೆ ತಾಲ್ಲೂಕಿನಲ್ಲಿ, ಕಿಕ್ಕೇರಿ ಹತ್ತಿರ. ಕವಿ ಕೆ.ಎಸ್. ನರಸಿಂಹಸ್ವಾಮಿಯವರ ಹುಟ್ಟೂರಿನ ಕಡೆಯವರು ಅಂತ ಅತ್ತೆಗೆ ಸ್ವಲ್ಪ ಹೆಮ್ಮೆ. ಆದರೆ ಆ ತಾಲ್ಲೂಕಿನ ಗಂಡಸರು ಪದ್ಯಕ್ಕಿಂತ ಹೆಚ್ಚಾಗಿ ಮುಂಬೈ ನಂಬಿಕೊಂಡಿದ್ದರು. ಮಳೆ ನಂಬಿದ ಹೊಲ, ಮನೆ ತುಂಬ ಮಕ್ಕಳು. ಒಬ್ಬ ಹೋಗಿ ಹೋಟೆಲು ಸೇರಿದರೆ ಅವನ ಹಿಂದೆ ತಮ್ಮ, ತಮ್ಮನ ಹಿಂದೆ ಭಾವಮೈದ. 2020ರ ಮೇ ತಿಂಗಳಲ್ಲಿ ಕೊರೊನಾ ಹೆದರಿಕೆಯಿಂದ ಅವರೆಲ್ಲ ಊರಿಗೆ ಮರಳಿದಾಗಲೇ ಕೆ.ಆರ್.ಪೇಟೆ, ನಾಗಮಂಗಲದ ಎಷ್ಟು ಮನೆಗಳ ಒಲೆ ಮುಂಬೈ ದುಡ್ಡಲ್ಲಿ ಉರಿಯುತ್ತಿತ್ತು ಅನ್ನುವುದು ರಾಜ್ಯಕ್ಕೆ ಗೊತ್ತಾದದ್ದು. ನಮ್ಮ ಅತ್ತೆಯ ಮಗ ಅಲ್ಲಿ ಕಪ್ಪು-ಹಳದಿ ಟ್ಯಾಕ್ಸಿ ಓಡಿಸುತ್ತಿದ್ದ. ಆ ಕಾಲದಲ್ಲಿ ಮುಂಬೈ ಟ್ಯಾಕ್ಸಿ ಅಂದರೆ ಪದ್ಮಿನಿಯೇ. ಗೌರಿಹಬ್ಬಕ್ಕೆ ಬಂದವನು ನಮ್ಮ ಕಾರು ನೋಡಿ, ಬಾನೆಟ್ ಮೇಲೆ ಕೈಯಿಟ್ಟು, ‘ಇದು ನಮ್ ಗಾಡಿ ಕಣ್ ಮಾವ’ ಅಂದ.

ಅವನು ಕಲಿಸಿದ ಕ್ರಮವೂ ಮುಂಬೈಯದೇ. ಹಾರ್ನು ಮೊದಲು, ಬ್ರೇಕು ಆಮೇಲೆ. ಗೇರು ಬದಲಿಸುವಾಗ ಮೇಲೆ, ಕೆಳಗೆ, ಎದೆ ಕಡೆಗೆ ಎಳೆದು ಮೇಲೆ, ಹೀಗೆ ಗಾಳಿಯಲ್ಲಿ ಕೈಯಾಡಿಸಿ ಅಪ್ಪನಿಂದ ಉರು ಹೊಡೆಸಿದ. ಜನ್ಮವೆಲ್ಲ ಮಕ್ಕಳಿಗೆ ಮಗ್ಗಿ ಉರು ಹೊಡೆಸಿದ ಮೇಷ್ಟ್ರು ಜಗುಲಿ ಮೇಲೆ ಕೂತು ಬರಿಗೈಲಿ ಗೇರು ಹಾಕುವುದನ್ನು ನೋಡಲು ಬೀದಿಯಲ್ಲಿ ಜನ ನಿಲ್ಲುತ್ತಿದ್ದರು. ಆ ಟ್ಯಾಕ್ಸಿಗಳ ಕಾಲವೂ ಮುಗಿಯಿತು. ಪದ್ಮಿನಿ ತಯಾರಿಕೆ ಹೊಸ ಶತಮಾನದ ಹೊಸ್ತಿಲಲ್ಲೇ ನಿಂತಿತ್ತು. ಮುಂಬೈಯಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಇಪ್ಪತ್ತು ವರ್ಷದ ಮಿತಿ ತೀರಿ 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆ ಬಿಟ್ಟಿತು. ಸುದ್ದಿ ಬಂದ ದಿನ ಅವನು ಫೋನು ಮಾಡಿ ತನ್ನ ಸೊಂಟ ನೋವಿನ ಬಗ್ಗೆ ಮಾತಾಡಿದ, ಟ್ಯಾಕ್ಸಿಯ ಬಗ್ಗೆ ಅಲ್ಲ. ಎರಡೂ ಒಂದೇ ಇರಬಹುದು.

ನಾಗಮಂಗಲದ ಕಥೆ ಬೇರೆ. ಅದು ಖುಷ್ಕಿ ನಾಡು. ರಾಗಿ, ಹುರುಳಿ, ತೆಂಗು. ಕಬ್ಬಿನ ದುಡ್ಡಿನ ಹಾಗೆ ಒಂದೇ ಸಲ ಗಂಟು ಬರುವ ಬೆಳೆ ಅಲ್ಲಿಲ್ಲ. ಅಲ್ಲಿಯ ಮನೆಗಳಿಗೆ ಮೊದಲು ಬಂದದ್ದು ಕಾರಲ್ಲ, ಜೀಪು ಅಥವಾ ಮಾರುತಿ ವ್ಯಾನು, ಅಂದರೆ ಓಮ್ನಿ. ಜಾರುವ ಬಾಗಿಲು ತೆಗೆದು ಹಿಂದಿನ ಸೀಟು ಮಡಚಿದರೆ ತೆಂಗಿನಕಾಯಿ. ಸೀಟು ಎತ್ತಿ ನಿಲ್ಲಿಸಿದರೆ ಆದಿಚುಂಚನಗಿರಿಯ ಅಮಾವಾಸ್ಯೆಗೆ ಹೊರಟ ಸಂಸಾರ. ಬೆಳಿಗ್ಗೆ ಸರಕು, ಸಂಜೆ ಜನ. ಆ ತಾಲ್ಲೂಕಿನವರು ಗಾಡಿಯನ್ನು ಶೋಕಿಗೆ ಕೊಳ್ಳಲಿಲ್ಲ. ಕೊಂಡ ದಿನದಿಂದಲೇ ಅದನ್ನು ದುಡಿಸಿದರು. ನನ್ನ ದೃಷ್ಟಿಯಲ್ಲಿ ನಾಲ್ಕು ತಾಲ್ಲೂಕಿನಲ್ಲಿ ಬುದ್ಧಿವಂತರು ಅವರೇ. ಈಗ ಅವರಿಗೆ ಸ್ವಂತ ಆರ್‌ಟಿಒ ಕಚೇರಿ ಇದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕೆಎ-54 ಕಂಡರೆ ನಾಗಮಂಗಲ, ಕೆಎ-11 ಕಂಡರೆ ನಮ್ಮ ಮಂಡ್ಯ. ಸಿಗ್ನಲ್ಲಿನಲ್ಲಿ ಗಾಜು ಇಳಿಸಿ ‘ಯಾವೂರು ಸಾಮಿ’ ಅಂತ ಕೇಳುವವರು ಈಗಲೂ ಇದ್ದಾರೆ.

ಶ್ರೀರಂಗಪಟ್ಟಣಕ್ಕೆ ಕಾರು ಹೊಸದಲ್ಲ, ಕಾರೊಳಗಿನ ಜನ ತಮ್ಮವರಲ್ಲ ಅಷ್ಟೆ. ಬೆಂಗಳೂರು-ಮೈಸೂರು ರಸ್ತೆಯ ಮೇಲಿನ ಊರು. ದಸರಾಕ್ಕೆ, ಕನ್ನಂಬಾಡಿಗೆ, ಗುಂಬಜ್‌ಗೆ ಬರುವವರ ಗಾಡಿಗಳನ್ನು ನೋಡುತ್ತ ಬೆಳೆದವರು. ಆ ತಾಲ್ಲೂಕಿನ ಮಹದೇವಪುರದಲ್ಲಿ ಸಿನಿಮಾ ಶೂಟಿಂಗಿಗೆ ಬರುತ್ತಿದ್ದ ಉದ್ದನೆಯ ಕಾಂಟೆಸ್ಸಾ ನೋಡಲೆಂದೇ ನಾವು ಸೈಕಲ್ ತುಳಿದಿದ್ದೇವೆ. ಹೀರೋ ಮುಖ ನೆನಪಿಲ್ಲ. ಹೊಸ ಗಾಡಿ ಕೊಂಡವರು, ಹಳೆಯದನ್ನು ಹೊಸದೆಂದು ಕೊಂಡವರು, ಎಲ್ಲರೂ ಮೊದಲು ಹೋಗುವುದು ಗಂಜಾಂನ ನಿಮಿಷಾಂಬೆಯ ಸನ್ನಿಧಿಗೆ. ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು, ಬಾನೆಟ್ಟಿಗೆ ಕುಂಕುಮದಲ್ಲಿ ಓಂಕಾರ, ಸೇವಂತಿಗೆ ಹಾರ. ಅರ್ಚಕರು ಮಂಗಳಾರತಿ ಎತ್ತುವ ಹೊತ್ತಿಗೆ ಓಡಿಸುವವನಿಗಿಂತ ಪಕ್ಕದಲ್ಲಿ ಕೂತವರ ಮುಖದಲ್ಲಿ ಭಕ್ತಿ ಜಾಸ್ತಿ. ಅಪ್ಪ ಅಲ್ಲಿಂದ ಹೊರಡುವಾಗ ನಿಂಬೆಹಣ್ಣು ಸಿಡಿದ ಸದ್ದಿಗೆ ಟೈರು ಒಡೆಯಿತೆಂದು ಇಳಿದು ನೋಡಿದ್ದನ್ನು ಅವ್ವ ಕೊನೆವರೆಗೂ ಆಡಿಕೊಂಡಳು.

ಕಾರಿದ್ದವರಿಗೆ ಆ ರಸ್ತೆಯಲ್ಲಿ ಇನ್ನೊಂದು ವಿದ್ಯೆಯೂ ಬೇಕಿತ್ತು. ಕಾವೇರಿ ಗಲಾಟೆ ಶುರುವಾದರೆ ಟೈರು ಸುಟ್ಟು ರಸ್ತೆ ತಡೆ. 1991ರಲ್ಲಿ, 2002ರಲ್ಲಿ, 2016ರಲ್ಲಿ ಈ ಜಿಲ್ಲೆ ಹೊತ್ತಿ ಉರಿದಿದೆ. ಹಾಗಾಗಿ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಸಿರು ಟವೆಲು ಸದಾ ಇರುತ್ತಿತ್ತು. ರೈತಸಂಘದ ಹಸಿರು ಕಿಟಕಿಯಲ್ಲಿ ಕಂಡರೆ ‘ನಮ್ಮೋರು ಬುಡ್ಲಾ’ ಅನ್ನುವ ಸಾಧ್ಯತೆ ಹೆಚ್ಚು. ಅಪ್ಪನಿಗೆ ಅದು ತೋರಿಕೆಯಲ್ಲ. ಕೆರೆಬಯಲಲ್ಲಿ ನಡೆಯುವ ಸಂಘದ ಸಭೆಗಳಿಗೆ ನಿಜವಾಗಿಯೂ ಹೋಗುತ್ತಿದ್ದರು, ಫಿಯೆಟ್ಟಿನಲ್ಲೇ. ಎತ್ತಿನ ಗಾಡಿ, ಟ್ರ್ಯಾಕ್ಟರುಗಳ ನಡುವೆ ಅದೊಂದು ಕೆನೆ ಬಣ್ಣದ ಗಾಡಿ ನಿಂತಿರುವುದು ನೋಡಿ ನನಗೆ ಮುಜುಗರವಾಗುತ್ತಿತ್ತು.

ರಾತ್ರಿ ಓಡಿಸುವಾಗ ಅಪ್ಪ ಮಾತಾಡುತ್ತಿರಲಿಲ್ಲ. ಕಾರಣ ನಾಲೆ. ಪಾಂಡವಪುರದ ಸುತ್ತ ವಿ.ಸಿ. ನಾಲೆಗೆ, ಅಂದರೆ ವಿಶ್ವೇಶ್ವರಯ್ಯ ನಾಲೆಗೆ ಒತ್ತಿಕೊಂಡೇ ರಸ್ತೆಗಳು ಹೋಗುತ್ತವೆ. ಆಳ ಹೊರಗೆ ಕಾಣುವುದಿಲ್ಲ, ಸೆಳೆತವೂ ಕಾಣುವುದಿಲ್ಲ. ಎಷ್ಟೋ ಕಡೆ ತಡೆಗೋಡೆ ಇಲ್ಲ. ಎದುರಿಂದ ಕಬ್ಬಿನ ಲಾರಿ ಬಂದರೆ ಪಕ್ಕಕ್ಕೆ ಸರಿಯಲು ಜಾಗ ಇರುವುದು ನೀರಿನ ಕಡೆಗೇ. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ನಾಲೆಗೆ ಉರುಳಿ 30 ಜನ ಸತ್ತರು, ಅವರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟ ಮಕ್ಕಳಿದ್ದರು. ಆಮೇಲೂ ಕಾರುಗಳು ಬಿದ್ದಿವೆ, ಸಂಸಾರಗಳು ಹೋಗಿವೆ. ಪ್ರತಿ ಸಲ ಅಧಿಕಾರಿಗಳು ಬರುತ್ತಾರೆ, ಅಳತೆ ಮಾಡುತ್ತಾರೆ, ಒಂದಷ್ಟು ಉದ್ದಕ್ಕೆ ಕಟ್ಟೆ ಏಳುತ್ತದೆ. ಕಾರು ಕೊಂಡವರ ಸಂಖ್ಯೆ ಬೆಳೆದ ವೇಗಕ್ಕೂ ನಾಲೆಗೆ ಗೋಡೆ ಬೆಳೆದ ವೇಗಕ್ಕೂ ತಾಳೆಯೇ ಇಲ್ಲ. ಅತ್ತ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅಲ್ಲಿ ಪ್ರವೇಶವಿಲ್ಲ. ಗಣಂಗೂರು ಟೋಲಿನಲ್ಲಿ ದುಡ್ಡು ಕಟ್ಟಿ ಕಾರು ಸೊಯ್ಯನೆ ಹೋಗುತ್ತದೆ. ಕಾರು ಕೊಳ್ಳಲು ದುಡ್ಡು ದುಡಿದುಕೊಟ್ಟ ಟ್ರ್ಯಾಕ್ಟರು ಪಕ್ಕದ ಸರ್ವಿಸ್ ರಸ್ತೆಯಲ್ಲಿ.

ಮುಂದಿನ ಸೀಟಿನ ನಡುವಿನ ಜಾಗದ ಮಾತಿಗೆ ಬರುತ್ತೇನೆ. ಅಲ್ಲಿ ಮದುಮಕ್ಕಳು ಕೂತರು. ಊರ ಅರ್ಧ ಮದುವೆಗಳ ದಿಬ್ಬಣ ಆ ಕಾರಿನಲ್ಲೇ, ಸೇವಂತಿಗೆ ಹಾರ ಮಾತ್ರ ಗಂಡಿನ ಕಡೆಯವರದು. ಚುನಾವಣೆಯಲ್ಲಿ ನಡೆಯಲಾಗದ ಮುದುಕರು ಕೂತರು. ಯಾವ ಪಕ್ಷದವರು ಪೆಟ್ರೋಲು ಹಾಕಿಸಿದ್ದರೂ ಅವರು ತಮಗೆ ಬೇಕಾದವರಿಗೇ ಒತ್ತಿ ಬಂದರು. ಊರಮ್ಮನ ಹಬ್ಬದಲ್ಲಿ ಪೂಜೆ ಸಾಮಾನು ಕೂತಿತು. ಆದರೆ ಹೆಚ್ಚು ಸಲ ಕೂತವರು ರೋಗಿಗಳು. ರಾತ್ರಿ ಬಾಗಿಲು ಬಡಿದರೆ ಯಾರು, ಏನು ಅಂತ ಅವ್ವ ಕೇಳುತ್ತಿರಲಿಲ್ಲ. ಕೀ ತೆಗೆದು ಅಪ್ಪನ ಕೈಗೆ ಕೊಡುತ್ತಿದ್ದಳು. ‘ಮೇಷ್ಟ್ರೇ, ಮಗ್ಳು ಬ್ಯಾನೆ ತಿಂತಾವ್ಳೆ, ಒಂಚೂರ್ ಗಾಡಿ ಎತ್ತಿ’ ಅನ್ನುವ ದನಿ. ಪಾಂಡವಪುರದಲ್ಲಿ ಆಗದಿದ್ದರೆ ಮೈಸೂರಿನ ದೊಡ್ಡಾಸ್ಪತ್ರೆ. ರಾತ್ರಿ ಹತ್ತರ ಮೇಲೆ ಬಸ್ಸಿಲ್ಲ, ಬಾಡಿಗೆ ಗಾಡಿಯಿಲ್ಲ, ಫೋನು ಇದ್ದದ್ದು ಸೊಸೈಟಿಯಲ್ಲಿ, ಅದಕ್ಕೆ ಬೀಗ. ಕಾವೇರಿ ಸೇತುವೆ ದಾಟುವ ಮುಂಚೆಯೇ ಹುಟ್ಟಿದ ಒಬ್ಬ ಹುಡುಗನಿಗೆ ಊರವರು ಫಿಯೆಟ್ ಅಂತ ಅಡ್ಡಹೆಸರಿಟ್ಟರು. ಈಗ ಅವನು ಬೆಂಗಳೂರಿನಲ್ಲಿ ಕ್ಯಾಬ್ ಓಡಿಸುತ್ತಾನೆ, ಹೆಸರು ಹೋಗಿಲ್ಲ.

ಇದನ್ನು ಕೇಳಿದವರು ‘ಆಗಿನ ಕಾಲದ ಜನ ಎಷ್ಟು ಒಳ್ಳೆಯವರು’ ಅಂತ ನಿಟ್ಟುಸಿರುಬಿಡುತ್ತಾರೆ. ಒಳ್ಳೆಯವರೇ ಇದ್ದರು, ಇಲ್ಲವೆನ್ನುವುದಿಲ್ಲ. ಆದರೆ ಅಪ್ಪ ನಿದ್ದೆಗೆಟ್ಟ ರಾತ್ರಿಗಳಲ್ಲಿ ಅವ್ವ ಗೊಣಗುತ್ತಿದ್ದದ್ದೂ ನನಗೆ ನೆನಪಿದೆ. ಪೆಟ್ರೋಲಿನ ದುಡ್ಡು ಕೇಳುವ ಹಾಗಿಲ್ಲ, ಅವರಾಗಿ ಕೊಟ್ಟರೆ ತೆಗೆದುಕೊಳ್ಳುವ ಹಾಗಿಲ್ಲ. ಬದಲಿಗೆ ಮಾರನೆಯ ದಿನ ಜಗುಲಿ ಮೇಲೆ ಒಂದು ಗೊನೆ ಬಾಳೆ, ನಾಲ್ಕು ಅಚ್ಚು ಬೆಲ್ಲ, ಒಂದು ಸಲ ಒಂದು ಜೀವಂತ ಹುಂಜ. ಹುಂಜದಿಂದ ಕ್ಲಚ್ ಪ್ಲೇಟು ಬದಲಿಸಲಾಗುವುದಿಲ್ಲ. ಕಾರು ಇಲ್ಲದವರ ಮನೆಗೆ ಇರುವ ಸ್ವಾತಂತ್ರ್ಯ ಕಾರಿದ್ದ ನಮಗಿರಲಿಲ್ಲ. ಹಬ್ಬಕ್ಕೆ ಅತ್ತೆ ಊರಿಗೆ ಹೊರಟರೂ ‘ನೀವೆಲ್ಲ ಹೊಂಟೋದ್ರೆ ಊರಿಗ್ಯಾರು’ ಅಂತ ಯಾರಾದರೂ ಕೇಳುತ್ತಿದ್ದರು. ಸರ್ಕಾರ ಇಡಬೇಕಾಗಿದ್ದ ಒಂದು ಆಂಬುಲೆನ್ಸನ್ನು ನಮ್ಮಪ್ಪ ಸಂಬಳದಲ್ಲಿ ಸಾಕಿದರು, ಅಷ್ಟೆ.

2008ರ ನವೆಂಬರಿನಲ್ಲಿ ಕರ್ನಾಟಕಕ್ಕೆ 108 ಆಂಬುಲೆನ್ಸ್ ಬಂತು. ಆ ಹೊತ್ತಿಗೆ ಫಿಯೆಟ್ಟಿನ ನೆಲದ ತಗಡು ತುಕ್ಕು ಹಿಡಿದು ರಸ್ತೆ ಕಾಣುತ್ತಿತ್ತು. ಅಪ್ಪ ಅದನ್ನು ಕೆ.ಆರ್.ಪೇಟೆ ಕಡೆಯ ಒಬ್ಬರಿಗೆ ಬಿಡಿಭಾಗದ ಬೆಲೆಗೆ ಕೊಟ್ಟು, ಬೆಳ್ಳನೆಯ ಒಂದು ಸಣ್ಣ ಕಾರು ತಂದರು, ಅದೂ ಸೆಕೆಂಡ್ ಹ್ಯಾಂಡೇ. ಹೊಸ ಗಾಡಿ ಬಂದು ಕೆಲವು ವಾರಗಳಾಗಿರಬಹುದು, ಮಧ್ಯರಾತ್ರಿ ಎದುರುಮನೆಯಲ್ಲಿ ಗದ್ದಲ. ಆ ಮನೆಯ ಯಜಮಾನರಿಗೆ ಎದೆನೋವು. ಬಾಗಿಲು ಬಡಿಯುವ ಮುಂಚೆಯೇ ಅಪ್ಪ ಅಂಗಿ ತೊಟ್ಟು ಕೀ ಹಿಡಿದು ಹೊರಗೆ ಬಂದರು. ಯಜಮಾನರು ಜಗುಲಿ ಮೇಲೆ ಎದೆ ಹಿಡಿದು ಕೂತವರು ನಮ್ಮ ಹೊಸ ಕಾರನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಹೇಳಿದರು: ‘ನಿಮ್ ಗಾಡಿ ಬ್ಯಾಡ ಬುಡಿ ಮೇಷ್ಟ್ರೇ, ಹೈದ ನೂರೆಂಟಕ್ಕೆ ಪೋನ್ ಹಾಕವ್ನೆ. ಅದ್ರಲ್ಲಾದ್ರೆ ಕಾಲ್ ನೀಡ್ಕಂಡ್ ಮಲಗ್ಬೋದು.’